ಸಾವಿನಂಚಿನ ಅನುಭವಕ್ಕೆ ಅಂಕ ಕೊಡುವ ಗ್ರೇಸನ್ ಮಾಪಕ: ಬಳಸಿ ನೋಡಿದ ಮೇಲೆ ಬರೆದ ವಿಮರ್ಶೆ

ಸಾವಿನ ಹೊಸ್ತಿಲವರೆಗೆ ಹೋಗಿ ಮರಳಿದೆವೆಂದು ಹೇಳುವವರ ಮಾತನ್ನು ಅಂಕಗಳಿಗೆ ಇಳಿಸುವ ಉಪಕರಣವೊಂದು 1983ರಿಂದ ಬಳಕೆಯಲ್ಲಿದೆ. ಅಮೆರಿಕದ ಮನೋವೈದ್ಯ ಬ್ರೂಸ್ ಗ್ರೇಸನ್ ರೂಪಿಸಿದ ಈ ಪ್ರಶ್ನಾವಳಿಯನ್ನು ಸಂಶೋಧಕರು ಅವರ ಹೆಸರಿನಿಂದಲೇ ಗ್ರೇಸನ್ ಮಾಪಕ ಎಂದು ಕರೆಯುತ್ತಾರೆ. ಇದರಲ್ಲಿ 16 ಪ್ರಶ್ನೆಗಳಿವೆ. ಪ್ರತಿ ಪ್ರಶ್ನೆಗೂ ಮೂರು ಸಿದ್ಧ ಉತ್ತರಗಳಿದ್ದು ಅವಕ್ಕೆ ಕ್ರಮವಾಗಿ 0, 1, 2 ಅಂಕ ಸಲ್ಲುತ್ತದೆ. ಗರಿಷ್ಠ ಮೊತ್ತ 32. ಮೊತ್ತ 7 ಅಥವಾ ಅದಕ್ಕಿಂತ ಹೆಚ್ಚಾದರೆ ಆ ನಿರೂಪಣೆಯನ್ನು ಸಾವಿನಂಚಿನ ಅನುಭವವೆಂದು ಪರಿಗಣಿಸುವುದು ರೂಢಿ. ಪ್ರಶ್ನೆಗಳೆಲ್ಲ ಮೂಲ ಪ್ರಬಂಧದಲ್ಲೇ ಅಚ್ಚಾಗಿವೆ, ಎರಡು ಪುಟದೊಳಗೆ ಮುಗಿಯುತ್ತವೆ. ತೀವ್ರ ನಿಗಾ ಘಟಕದಿಂದ ಮನೆಗೆ ಮರಳಿದವರೊಂದಿಗೆ ಕುಳಿತು ಮಾತನಾಡುವುದು ನನ್ನ ಆಪ್ತಸಮಾಲೋಚನೆಯ ಕೆಲಸದ ಒಂದು ಭಾಗವಾದ್ದರಿಂದ, ಈ ಮಾಪಕವನ್ನು ಓದಿ ಮೆಚ್ಚುವುದಕ್ಕಷ್ಟೇ ಸೀಮಿತಗೊಳಿಸದೆ ಬಳಸಿಯೂ ನೋಡಿದ್ದೇನೆ. ಇದು ಏನನ್ನು ಚೆನ್ನಾಗಿ ಮಾಡುತ್ತದೆ, ಯಾವುದನ್ನು ಮಾಡುವುದೇ ಇಲ್ಲ, ಮತ್ತು ನಮ್ಮ ಕಡೆಯ ಮನುಷ್ಯರೊಬ್ಬರು ಎದುರಿಗೆ ಕುಳಿತಾಗ ಎಲ್ಲಿ ತಡವರಿಸುತ್ತದೆ ಎಂಬುದನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಮಾಪಕ ಹುಟ್ಟಿದ ಸಂದರ್ಭವನ್ನು ತಿಳಿಯದೆ ಅದರ ಗುಣದೋಷ ತಿಳಿಯುವುದು ಕಷ್ಟ. ಇಂಥ ಅನುಭವಗಳ ವರದಿಗಳು ಹೊಸವಲ್ಲ. ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಬೆಟ್ಟಗಳಿಂದ ಬಿದ್ದು ಬದುಕಿದವರ ಅನುಭವಗಳನ್ನು 1892ರಲ್ಲೇ ಪ್ರಕಟಿಸಿದ್ದರು. ಆದರೆ ವಿಷಯ ಜನಪ್ರಿಯವಾದದ್ದು 1975ರಲ್ಲಿ, ರೇಮಂಡ್ ಮೂಡಿ ತಾವು ಕೇಳಿದ ಕಥನಗಳನ್ನು ಪುಸ್ತಕರೂಪದಲ್ಲಿ ತಂದಾಗ. ಅಲ್ಲಿಂದ ಮುಂದೆ ಕಥನಗಳು ರಾಶಿ ಬಿದ್ದವು, ಅಳತೆಯೊಂದು ಮಾತ್ರ ಇರಲಿಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕೆನೆತ್ ರಿಂಗ್ 1980ರಲ್ಲಿ ಹತ್ತು ಅಂಶಗಳ ಸೂಚ್ಯಂಕವೊಂದನ್ನು ಮುಂದಿಟ್ಟರು. ಅದರಲ್ಲಿ 0ಯಿಂದ 29ರವರೆಗೆ ಅಂಕ ಬರುತ್ತಿತ್ತು. ಆದರೆ ಯಾವ ಅಂಶಕ್ಕೆ ಎಷ್ಟು ತೂಕ ಎಂಬುದು ಬಹುಮಟ್ಟಿಗೆ ಸಂಶೋಧಕರ ವಿವೇಚನೆಗೆ ಬಿಟ್ಟ ಮಾತಾಗಿತ್ತು. ಗ್ರೇಸನ್ ಮಾಡಿದ ಕೆಲಸ ಇದಕ್ಕಿಂತ ಶಿಸ್ತಿನದು. ಇಂಥ ಕಥನಗಳಲ್ಲಿ ಕಾಣುವ 80 ಲಕ್ಷಣಗಳಿಂದ ಹೊರಟು, 33 ಪ್ರಶ್ನೆಗಳ ಕರಡೊಂದನ್ನು ಸಿದ್ಧಪಡಿಸಿ, ತಮ್ಮ ಒಟ್ಟು 74 ಅನುಭವಗಳನ್ನು ಕುರಿತು ಜನ ಕೊಟ್ಟ ಉತ್ತರಗಳನ್ನು ಪರೀಕ್ಷಿಸಿ, ಒಟ್ಟು ಅಂಕದೊಂದಿಗೆ ನಿಜವಾಗಿ ಹೊಂದಿಕೊಳ್ಳುವ 16 ಪ್ರಶ್ನೆಗಳನ್ನು ಮಾತ್ರ ಉಳಿಸಿಕೊಂಡರು. ಆ ಗುಂಪಿನ ಸರಾಸರಿ ಅಂಕ ಸುಮಾರು 15, ಮಾನಕ ವಿಚಲನೆ, ಅಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ, ಸುಮಾರು 8. ಒಂದರಿಂದ ಇನ್ನೊಂದನ್ನು ಕಳೆದಾಗ ಸಿಕ್ಕಿದ್ದು ಇಂದು ಎಲ್ಲೆಡೆ ಉಲ್ಲೇಖವಾಗುವ 7 ಎಂಬ ಗೆರೆ. ಪ್ರಕೃತಿಯಲ್ಲಿ ಅಂಥದೊಂದು ಗೆರೆ ಇದೆಯೆಂದಲ್ಲ, ಒಂದು ನಿರ್ದಿಷ್ಟ ಗುಂಪಿನ ಅಂಕಗಣಿತದಿಂದ ಬಂದದ್ದು ಅದು ಎಂಬುದನ್ನು ಬಳಸುವವರು ಮರೆಯಬಾರದು.

ಮೊದಲು ಮೆಚ್ಚುಗೆಯ ಮಾತು. ಮಾಪಕದ ಉದ್ದೇಶ ವೈದ್ಯಕೀಯವಾಗಿತ್ತು: ಮೆದುಳಿನ ತೊಂದರೆಯಿಂದ ಉಂಟಾಗುವ ಗೊಂದಲ ಸ್ಥಿತಿಯಿಂದಲೂ ಆಘಾತಕ್ಕೆ ಮನಸ್ಸು ತೋರುವ ಸಾಮಾನ್ಯ ಪ್ರತಿಕ್ರಿಯೆಯಿಂದಲೂ ಈ ಅನುಭವವನ್ನು ಬೇರ್ಪಡಿಸಿ ಗುರುತಿಸುವುದು. ಈ ಕೆಲಸವನ್ನು ಅದು ಅಚ್ಚುಕಟ್ಟಾಗಿ ಮಾಡುತ್ತದೆ. ಐಸಿಯುನಿಂದ ಹೊರಬಂದವರಲ್ಲಿ ಹಲವರು ಗೋಡೆಯ ಮೇಲೆ ಹುಳು ಹರಿದದ್ದನ್ನೋ ದಾದಿಯರು ತಮ್ಮ ವಿರುದ್ಧ ಸಂಚು ಹೂಡಿದ್ದನ್ನೋ ಹೇಳುತ್ತಾರೆ. ಅಂಥ ಭ್ರಮೆಯ ನಿರೂಪಣೆಗಳಿಗೆ ಈ ಪ್ರಶ್ನಾವಳಿಯಲ್ಲಿ ಅಂಕವೇ ಹುಟ್ಟುವುದಿಲ್ಲ. ಇನ್ನೊಂದು ಗುಣ, ಪ್ರಶ್ನೆಗಳ ಧಾಟಿ ತಣ್ಣಗಿರುವುದು. ಕೇಳುವವನು ನಂಬುತ್ತಾನೋ ಇಲ್ಲವೋ ಎಂಬ ಸುಳಿವು ಅವುಗಳಲ್ಲಿ ಸಿಗುವುದಿಲ್ಲ. ನನ್ನ ಪರಿಚಯದ ನಿವೃತ್ತ ಶಿಕ್ಷಕರೊಬ್ಬರು ಹೃದಯ ಸ್ತಂಭನದ ಬಳಿಕ ತಮಗಾದದ್ದನ್ನು, ಹುಚ್ಚೆಂದುಕೊಂಡಾರು ಎಂಬ ಅಂಜಿಕೆಯಿಂದ, ಮನೆಯವರಿಗೂ ಹೇಳಿರಲಿಲ್ಲ. ಮುದ್ರಿತ ಪ್ರಶ್ನೆಗಳ ಪಟ್ಟಿಯನ್ನು ಕಂಡ ಕೂಡಲೇ ಅವರ ಮೊದಲ ಪ್ರತಿಕ್ರಿಯೆ, ಹಾಗಾದರೆ ಇದನ್ನು ಬೇರೆಯವರೂ ಹೇಳಿದ್ದಾರಲ್ಲ ಎಂಬುದಾಗಿತ್ತು. ಅಂಕ ಎಷ್ಟಾಯಿತೆಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಇದನ್ನು ಮಾಪಕದ ಅಡ್ಡ ಉಪಯೋಗವೆನ್ನಬಹುದೇನೋ, ಆದರೆ ಸಮಾಲೋಚನೆಯ ದೃಷ್ಟಿಯಿಂದ ನನಗೆ ಇದೇ ಮುಖ್ಯ ಉಪಯೋಗವಾಗಿ ಕಂಡಿದೆ.

ಸ್ಥಿರತೆಯ ವಿಷಯದಲ್ಲೂ ಮಾಪಕ ನಂಬಿಕೆ ಉಳಿಸಿಕೊಂಡಿದೆ. ಹೇಳಿ ಹೇಳಿ ಕಥೆ ಬೆಳೆಯುತ್ತದೆ ಎಂಬ ಸಂಶಯ ಯಾರಿಗಾದರೂ ಸಹಜ. ಗ್ರೇಸನ್ 1980ರ ದಶಕದಲ್ಲಿ ಉತ್ತರಿಸಿದ್ದ 72 ಮಂದಿಗೆ ಸುಮಾರು ಎರಡು ದಶಕಗಳ ಅನಂತರ ಅದೇ ಪ್ರಶ್ನಾವಳಿಯನ್ನು ಮತ್ತೆ ಕೊಟ್ಟು, ಅಂಕಗಳು ಉಬ್ಬಿಲ್ಲವೆಂದು 2007ರಲ್ಲಿ ವರದಿ ಮಾಡಿದರು. ಮನುಷ್ಯರು ಹೇಳಿದ್ದೆಲ್ಲ ನಡೆದದ್ದೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ನೆನಪು ಕಾಲಕ್ರಮದಲ್ಲಿ ಬಣ್ಣ ಬಳಿದುಕೊಂಡಿಲ್ಲ ಎಂಬುದಷ್ಟೇ ತಿಳಿಯುತ್ತದೆ. ಅಷ್ಟಾದರೂ ಸಣ್ಣ ಮಾತಲ್ಲ.

ಇನ್ನು ಪ್ರಶ್ನೆಗಳ ಒಳಗೆ ಇಳಿಯೋಣ. ಹದಿನಾರನ್ನು ನಾಲ್ಕು ನಾಲ್ಕರಂತೆ ನಾಲ್ಕು ಗುಂಪುಗಳಾಗಿ ಜೋಡಿಸಲಾಗಿದೆ. ಮೊದಲನೆಯದು ಆಲೋಚನೆಗೆ ಸಂಬಂಧಿಸಿದ್ದು: ಕಾಲದ ಗತಿ ಬದಲಾಯಿತೆ, ಯೋಚನೆಗಳು ವೇಗ ಪಡೆದವೆ, ಕಳೆದ ಬದುಕಿನ ದೃಶ್ಯಗಳು ಮರುಕಳಿಸಿದವೆ, ಎಲ್ಲವೂ ಒಮ್ಮೆಲೇ ಅರ್ಥವಾದಂತೆ ಅನಿಸಿತೆ. ಎರಡನೆಯದು ಭಾವದ ಗುಂಪು. ಶಾಂತಿ, ಆನಂದ, ವಿಶ್ವದೊಂದಿಗೆ ಒಂದಾದ ಭಾವ, ಮತ್ತು ಪ್ರಖರವಾದ ಬೆಳಕು. ಬೆಳಕನ್ನು ಭಾವಗಳ ನಡುವೆ ಕೂರಿಸಿದ್ದು ಏಕೆಂದು ಓದುಗರಿಗೆ ಅನಿಸಿದರೆ ಅದು ನ್ಯಾಯವೇ. ಉತ್ತರಗಳು ಒಟ್ಟಿಗೆ ಬಂದ ರೀತಿಯನ್ನು ಅನುಸರಿಸಿ ಗುಂಪು ಮಾಡಿದ್ದಾರೆ, ಅರ್ಥವನ್ನು ನೋಡಿ ಅಲ್ಲ. ಮೂರನೆಯ ಗುಂಪಿಗೆ ಅತೀಂದ್ರಿಯ ಎಂಬರ್ಥದ ಹೆಸರಿದೆ. ಅದರಲ್ಲಿ ದೂರದ ಸಂಗತಿ ತಿಳಿಯುವುದು ಮತ್ತು ಭವಿಷ್ಯದ ದೃಶ್ಯಗಳು ಇರುವುದು ಸರಿ, ಆದರೆ ಇಂದ್ರಿಯಗಳು ಎಂದಿಗಿಂತ ಚುರುಕಾದವೆ ಎಂಬ ಪ್ರಶ್ನೆಯೂ ದೇಹದಿಂದ ಬೇರೆಯಾದಂತೆ ಅನಿಸಿತೆ ಎಂಬ ಪ್ರಶ್ನೆಯೂ ಅಲ್ಲೇ ಇವೆ. ಅನಿಸಿಕೆಯನ್ನು ಕೇಳುವ ಪ್ರಶ್ನೆಯ ಮೇಲೆ ಅತೀಂದ್ರಿಯವೆಂಬ ಹಣೆಪಟ್ಟಿ ಅಂಟಿಸಿದ್ದು, ಸಂಶಯವಾದಿಗಳಿಗೆ ಅನಗತ್ಯವಾಗಿ ಒದಗಿಸಿದ ಆಯುಧವೆಂದು ನನಗೆ ಅನಿಸುತ್ತದೆ. ನಾಲ್ಕನೆಯ ಗುಂಪಿನಲ್ಲಿ ಬೇರೊಂದು ಲೋಕ, ಅಲೌಕಿಕ ವ್ಯಕ್ತಿ ಅಥವಾ ಧ್ವನಿ, ತೀರಿಹೋದವರು ಅಥವಾ ಧಾರ್ಮಿಕ ಮೂರ್ತಿಗಳು, ಮತ್ತು ದಾಟಲಾಗದ ಗಡಿ ಇವೆ. ಜನಪ್ರಿಯ ಕಲ್ಪನೆಯಲ್ಲಿ ಈ ಅನುಭವದ ಗುರುತೇ ಆಗಿಬಿಟ್ಟಿರುವ ಸುರಂಗಕ್ಕೆ ಹದಿನಾರರಲ್ಲಿ ಸ್ಥಾನವಿಲ್ಲ. ಸಿನಿಮಾ ನೋಡಿ ಬಂದವರಿಗೆ ಇದು ನಿರಾಶೆಯಾಗಬಹುದು.

ನಮ್ಮವರ ವಿಷಯಕ್ಕೆ ಬಂದಾಗ ಈ ಸುರಂಗವಿಲ್ಲದಿರುವುದು ಒಂದು ಅನುಕೂಲವೇ ಆಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನೋವಿಜ್ಞಾನಿ ಸತ್ವಂತ್ ಪಸ್ರಿಚಾ ಅವರು ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಅವರೊಂದಿಗೆ ಉತ್ತರ ಭಾರತದ 16 ಪ್ರಕರಣಗಳನ್ನು 1986ರಲ್ಲಿ ಪ್ರಕಟಿಸಿದರು. 1990ರ ದಶಕದ ಮೊದಲ ಅರ್ಧದಲ್ಲಿ ಚನ್ನಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯ ವರದಿಗಳನ್ನೂ ಹೊರತಂದರು. ಭಾರತದ ಪ್ರಕರಣಗಳಲ್ಲಿ ಸುರಂಗದ ಅನುಭವ ಕಾಣುವುದಿಲ್ಲವೆಂದು ಅವರೂ ಅವರ ಸಹಲೇಖಕರೂ ವಾದಿಸಿದ್ದಾರೆ. ಬ್ರಿಟನ್ನಿನ ಮನೋವಿಜ್ಞಾನಿ ಸೂಸನ್ ಬ್ಲ್ಯಾಕ್‌ಮೋರ್ ಭಾರತದ ಪತ್ರಿಕೆಯೊಂದರಲ್ಲಿ ಜಾಹೀರಾತು ಕೊಟ್ಟು ಉತ್ತರ ತರಿಸಿಕೊಂಡು, ಇಲ್ಲಿಯೂ ಸುರಂಗವಿದೆಯೆಂದು 1993ರಲ್ಲಿ ಪ್ರತಿವಾದ ಹೂಡಿದ್ದಾರೆ. ಇಂಗ್ಲಿಷ್ ಪತ್ರಿಕೆಯ ಜಾಹೀರಾತಿಗೆ ಕಾಗದ ಬರೆಯುವವರೂ ಚನ್ನಪಟ್ಟಣ ಸೀಮೆಯ ಜಗಲಿಯ ಮೇಲೆ ಕುಳಿತು ಮಾತನಾಡುವವರೂ ಒಂದೇ ವರ್ಗದವರಲ್ಲ ಎಂಬುದನ್ನು ಗಮನಿಸಿದರೆ, ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಿರಬಹುದು.

ಪಸ್ರಿಚಾ ದಾಖಲಿಸಿದ ಕಥನಗಳ ಹಂದರ ನಮಗೆ ಅಪರಿಚಿತವೇನಲ್ಲ. ದೂತರು ಬಂದು ಕರೆದೊಯ್ಯುತ್ತಾರೆ. ಪುಸ್ತಕ ಹಿಡಿದು ಕುಳಿತ ಒಬ್ಬರ ಮುಂದೆ ನಿಲ್ಲಿಸುತ್ತಾರೆ. ಕಡತ ತೆರೆದು ನೋಡಿದಾಗ ಕರೆತರಬೇಕಾದವನು ಇವನಲ್ಲ, ಬೇರೊಬ್ಬ, ಕೆಲವೊಮ್ಮೆ ಅದೇ ಹೆಸರಿನವನು ಎಂದು ಗೊತ್ತಾಗುತ್ತದೆ. ದೂತರಿಗೆ ಬೈಗುಳ ಬೀಳುತ್ತದೆ, ಬಂದವನನ್ನು ಹಿಂದಕ್ಕೆ ಕಳುಹಿಸುತ್ತಾರೆ. ಮೈಮೇಲೆ ಗುರುತು ಉಳಿದಿದೆಯೆಂದು ತೋರಿಸಿದವರೂ ಇದ್ದಾರೆ. ಪಾಶ್ಚಾತ್ಯ ಕಥನಗಳಲ್ಲಿ ಮರಳುವ ಕಾರಣ ಸಾಮಾನ್ಯವಾಗಿ ಮಕ್ಕಳ ಮೇಲಿನ ಪ್ರೀತಿಯೋ ಮುಗಿಯದ ಕರ್ತವ್ಯವೋ ಆಗಿದ್ದರೆ, ನಮ್ಮಲ್ಲಿ ಅದು ಕಚೇರಿಯ ತಪ್ಪು. ಯಮನ ಆಸ್ಥಾನದಲ್ಲೂ ಗುಮಾಸ್ತರು ಎಡವುತ್ತಾರೆಂಬ ಈ ನಂಬಿಕೆಯಲ್ಲಿ ತಾಲ್ಲೂಕು ಕಚೇರಿಯ ಅನುಭವ ಎಷ್ಟು ಪಾಲು ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ.

ಇಂಥದೊಂದು ಕಥನವನ್ನು ಗ್ರೇಸನ್ ಮಾಪಕಕ್ಕೆ ಒಡ್ಡಿ ನೋಡಿದರೆ ಅದರ ಸ್ವಭಾವ ಬಯಲಾಗುತ್ತದೆ. ಕಾಲದ ಗತಿ, ಯೋಚನೆಯ ವೇಗ, ಸರ್ವಜ್ಞಾನ ಯಾವುದರ ಮಾತೂ ಇಲ್ಲ, ಆದ್ದರಿಂದ ಸೊನ್ನೆ. ತನ್ನ ಬದುಕಿನ ಲೆಕ್ಕವನ್ನು ಬೇರೆಯವರು ಪುಸ್ತಕ ನೋಡಿ ಓದಿದ್ದಾರೆ. ಪ್ರಶ್ನೆ ಕೇಳುವುದೋ ದೃಶ್ಯಗಳು ತಾವಾಗಿ ಮರುಕಳಿಸಿದವೆ ಎಂದು, ಹಾಗಾಗಿ ಅದಕ್ಕೂ ಸೊನ್ನೆ. ದೂತರು ಎಳೆದೊಯ್ಯುವಾಗ ಶಾಂತಿಯೂ ಇಲ್ಲ, ಆನಂದವೂ ಇಲ್ಲ, ಬೆಳಕಿನ ಪ್ರಸ್ತಾಪವಿಲ್ಲ, ಮೇಲಿನಿಂದ ತನ್ನ ದೇಹವನ್ನು ತಾನೇ ನೋಡಿದ ವಿವರವೂ ಇಲ್ಲ. ಅಲ್ಲಿಗೆ ಮೂರು ಗುಂಪುಗಳು ಬರಿದಾದವು. ಉಳಿದದ್ದು ನಾಲ್ಕನೆಯದು: ಸ್ಪಷ್ಟವಾಗಿ ಬೇರೆಯದೇ ಆದ ಲೋಕಕ್ಕೆ 2, ಅಲೌಕಿಕ ವ್ಯಕ್ತಿಗೆ 2, ಧಾರ್ಮಿಕ ಮೂರ್ತಿಗಳನ್ನು ಕಣ್ಣಾರೆ ಕಂಡದ್ದಕ್ಕೆ 2, ಮುಂದೆ ಬಿಡದೆ ಹಿಂದಕ್ಕೆ ಕಳುಹಿಸಿದ್ದಕ್ಕೆ 2. ಒಟ್ಟು 8. ಗೆರೆ ದಾಟಿತು, ಆದರೆ ಒಂದೇ ಕಾಲಿನ ಮೇಲೆ. ದೂತರು ಇವನಿಗೆ ಸಾಧಾರಣ ಮನುಷ್ಯರಂತೆ ಕಂಡು, ಅರ್ಧ ದಾರಿಯಲ್ಲೇ ತಪ್ಪು ತಿಳಿದು ಬಿಟ್ಟುಬಿಟ್ಟಿದ್ದರೆ, ಮೂರನೆಯ ಎರಡು ಅಂಕಗಳು ಹೋಗಿ, ಲೋಕದ ಅಂಕವೂ ಒಂದಕ್ಕೆ ಇಳಿದು, ಮೊತ್ತ 5ಕ್ಕೆ ನಿಂತು, ಕಥನ ಲೆಕ್ಕದಿಂದಲೇ ಹೊರಗುಳಿಯುತ್ತಿತ್ತು. ಹೇಳಿದವನ ದೃಷ್ಟಿಯಲ್ಲಿ ಎರಡೂ ಒಂದೇ ಘಟನೆ.

ಇದರಿಂದ ಮಾಪಕವೇ ಕೆಟ್ಟದ್ದೆಂದು ಹೇಳುವುದು ಅನ್ಯಾಯ. ಅದು ಯಾರ ಅನುಭವಗಳಿಂದ ಹುಟ್ಟಿತೋ ಅವರ ಅನುಭವಗಳನ್ನು ಚೆನ್ನಾಗಿ ಹಿಡಿಯುತ್ತದೆ. ಜರಡಿಯ ಕಣ್ಣು ಯಾವ ಕಾಳಿಗೆ ಮಾಡಿದ್ದೋ ಆ ಕಾಳಿಗೇ ಸರಿ. ಗಮನಿಸಬೇಕಾದದ್ದು ಇನ್ನೊಂದಿದೆ. ನಾಲ್ಕನೆಯ ಗುಂಪಿನ ಎಂಟಂಕಗಳ ಮೂಲಕವಾದರೂ ಚನ್ನಪಟ್ಟಣದ ಕಥನವೂ ಅಮೆರಿಕದ ಕಥನವೂ ಒಂದೇ ಪಟ್ಟಿಗೆ ಸೇರುತ್ತವೆ ಎಂಬುದೇ ಕುತೂಹಲಕರ ಸಂಗತಿ: ಬೇರೊಂದು ಲೋಕ, ಅಲ್ಲೊಬ್ಬರು, ಒಂದು ಗಡಿ, ಅಲ್ಲಿಂದ ಹಿಂದಿರುಗುವಿಕೆ ಎಂಬ ಎಲುಬುಗೂಡು ಎರಡು ಕಡೆಯೂ ಇದೆ. ಆದರೆ ತಪ್ಪಾಗಿ ಕರೆತಂದದ್ದಕ್ಕೂ ಮಕ್ಕಳಿಗಾಗಿ ಮರಳಿದ್ದಕ್ಕೂ ಇರುವ ವ್ಯತ್ಯಾಸವೆಲ್ಲ ಅಂಕದಲ್ಲಿ ಕರಗಿಹೋಗುತ್ತದೆ. ಸಂಸ್ಕೃತಿಯ ಅಧ್ಯಯನ ಮಾಡುವವರಿಗೆ ಬೇಕಾದದ್ದು ನಿಖರವಾಗಿ ಆ ವ್ಯತ್ಯಾಸವೇ.

ಮಾಪಕದ ದೊಡ್ಡ ಕೊರತೆಯೆಂದು ನಾನು ಎಣಿಸುವುದು ಇದನ್ನಲ್ಲ, ಭಯವನ್ನು ಅದು ಕೇಳದಿರುವುದನ್ನು. ಭಾವದ ಗುಂಪಿನಲ್ಲಿ ಇರುವುದೆಲ್ಲ ಹಿತವಾದ ಭಾವಗಳೇ. ಭೀತಿಯಿಂದ ತುಂಬಿದ ಅನುಭವಗಳೂ ಇವೆಯೆಂದು ಗ್ರೇಸನ್ ಅವರೇ ನ್ಯಾನ್ಸಿ ಎವನ್ಸ್ ಬುಷ್ ಅವರೊಂದಿಗೆ 1992ರಲ್ಲಿ ಬರೆದರು: ಕೊನೆಯಿಲ್ಲದ ಶೂನ್ಯದಲ್ಲಿ ಒಂಟಿಯಾಗಿ ಉಳಿದದ್ದು, ನರಕಸದೃಶ ನೋಟಗಳನ್ನು ಕಂಡದ್ದು, ಅಥವಾ ಉಳಿದವರಿಗೆ ಹಿತವಾದದ್ದೇ ತಮಗೆ ಹಿಡಿತ ತಪ್ಪಿದ ದಿಗಿಲಾಗಿ ಕಂಡದ್ದು. ಶೂನ್ಯದಲ್ಲಿ ತೇಲಿದ ವ್ಯಕ್ತಿಯೊಬ್ಬರನ್ನು ಊಹಿಸಿಕೊಳ್ಳಿ. ಕಾಲ ನಿಂತುಹೋದದ್ದಕ್ಕೆ 2, ದೇಹದಿಂದ ಹೊರಗಿದ್ದದ್ದಕ್ಕೆ 2, ಅಪರಿಚಿತ ಜಾಗಕ್ಕೆ 1. ಅಲ್ಲಿಗೆ ಮುಗಿಯಿತು, ಮೊತ್ತ 5. ನೆರವು ಎಲ್ಲರಿಗಿಂತ ಹೆಚ್ಚು ಬೇಕಾದವರು ಇವರೇ, ಮತ್ತು ನಿಮ್ಮದು ಆ ಅನುಭವವಲ್ಲವೆಂದು ಹಾಳೆ ಹೇಳುವುದೂ ಇವರಿಗೇ. ಅಂಕವನ್ನು ಎದುರಿಗಿರುವವರಿಗೆ ತೋರಿಸುವ ಅಭ್ಯಾಸವನ್ನು ನಾನು ಕೈಬಿಟ್ಟಿದ್ದಕ್ಕೆ ಇದೇ ಕಾರಣ.

ಮಾಪಕದ ದುರುಪಯೋಗ ಹೆಚ್ಚಾಗಿ ನಡೆಯುವುದು ಅದು ಹೇಳದೆ ಇರುವುದನ್ನು ಅದರ ಬಾಯಿಂದ ಹೇಳಿಸುವಾಗ. ಹೆಚ್ಚು ಅಂಕ ಬಂದವರು ಸಾವಿಗೆ ಹೆಚ್ಚು ಹತ್ತಿರ ಹೋಗಿದ್ದರೆಂದು ತಿಳಿಯುವುದು ಸಾಮಾನ್ಯ ತಪ್ಪು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 13 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಡಿಎಂಟಿ ಎಂಬ ಮನೋಪ್ರಭಾವಿ ರಾಸಾಯನಿಕವನ್ನು ಕೊಟ್ಟು ಇದೇ ಪ್ರಶ್ನಾವಳಿಯನ್ನು ತುಂಬಿಸಿ 2018ರಲ್ಲಿ ಪ್ರಕಟಿಸಿದಾಗ, ಹದಿಮೂರೂ ಮಂದಿ 7ರ ಗೆರೆಯನ್ನು ದಾಟಿದ್ದರು. ಅವರಲ್ಲಿ ಯಾರೂ ಸಾಯುತ್ತಿರಲಿಲ್ಲ. ಬೆಲ್ಜಿಯಮ್ಮಿನ ಲಿಯೆಜ್ ತಂಡ 2014ರಲ್ಲಿ, ಕೋಮಾದಿಂದ ಹೊರಬಂದವರ ಅನುಭವಗಳನ್ನೂ ಪ್ರಾಣಾಪಾಯವೇ ಇಲ್ಲದ ಸಂದರ್ಭಗಳಲ್ಲಿ ಆದ ಅಂಥವೇ ಅನುಭವಗಳನ್ನೂ ಹೋಲಿಸಿ, ತೀವ್ರತೆಯಲ್ಲಿ ಅವುಗಳ ನಡುವೆ ವ್ಯತ್ಯಾಸ ಕಾಣಲಿಲ್ಲವೆಂದಿತು. ಹಾಗೆಂದ ಮಾತ್ರಕ್ಕೆ ಇದೆಲ್ಲ ಮೆದುಳಿನ ರಸಾಯನದ ಆಟವೆಂದು ಸಾಬೀತಾಯಿತೆಂದೂ ಹೇಳಲಾಗದು. ಒಂದೇ ಬಗೆಯ ಉತ್ತರ ಬಂದ ಎರಡು ಸಂದರ್ಭಗಳಿಗೆ ಒಂದೇ ಕಾರಣ ಇರಲೇಬೇಕೆಂದಿಲ್ಲ. ಕಾರಣದ ಪ್ರಶ್ನೆಯನ್ನು ಮಾಪಕ ಎತ್ತುವುದೇ ಇಲ್ಲ, ಮತ್ತು ಆ ಮೌನ ನನಗೆ ಅದರ ಪ್ರಾಮಾಣಿಕತೆಯಾಗಿ ಕಾಣುತ್ತದೆ.

ಸಂಖ್ಯೆಗಳನ್ನು ಓದುವಾಗಲೂ ಯಾವ ಮಾಪಕ ಬಳಸಿದ್ದರೆಂದು ನೋಡುವುದು ಒಳ್ಳೆಯದು. ಹಾಲೆಂಡಿನ ಹೃದ್ರೋಗ ತಜ್ಞ ಪಿಮ್ ವಾನ್ ಲೊಮೆಲ್ ಅವರ 2001ರ ಅಧ್ಯಯನದಲ್ಲಿ ಹೃದಯ ಸ್ತಂಭನದಿಂದ ಬದುಕುಳಿದ 344 ಮಂದಿಯ ಪೈಕಿ 62 ಮಂದಿಗೆ, ಅಂದರೆ ಶೇ. 18ರಷ್ಟು ಜನರಿಗೆ ಅನುಭವವಾಗಿತ್ತೆಂದು ಎಲ್ಲೆಡೆ ಉಲ್ಲೇಖಿಸುತ್ತಾರೆ; ಅಲ್ಲಿ ಆಳ ಅಳೆದದ್ದು ರಿಂಗ್ ಅವರ ಸೂಚ್ಯಂಕದಿಂದ. ಸ್ಯಾಮ್ ಪಾರ್ನಿಯಾ ನೇತೃತ್ವದಲ್ಲಿ 2,060 ಹೃದಯ ಸ್ತಂಭನಗಳನ್ನು ಆಧರಿಸಿ 2014ರಲ್ಲಿ ಹೊರಬಂದ ಅಧ್ಯಯನ ಗ್ರೇಸನ್ ಮಾಪಕವನ್ನು ಬಳಸಿತು. ಸಂದರ್ಶನದ ಎರಡೂ ಹಂತಗಳನ್ನು ಮುಗಿಸಿದ 101 ಮಂದಿಯಲ್ಲಿ ಶೇ. 9ರಷ್ಟು ಜನ ಮಾತ್ರ ಆ ಗೆರೆಯ ಮೇಲೆ ಬಂದರು. ಎರಡನ್ನು ಅಕ್ಕಪಕ್ಕ ಇಟ್ಟು, ಹದಿನೆಂಟು ಒಂಬತ್ತಕ್ಕೆ ಇಳಿಯಿತೆಂದು ಬರೆಯುವ ಪತ್ರಿಕಾ ಲೇಖನಗಳು ಅಡಿ ಕೋಲಿನ ಅಳತೆಯನ್ನು ಗಜ ಕೋಲಿನ ಅಳತೆಯೊಂದಿಗೆ ಹೋಲಿಸುತ್ತಿರುತ್ತವೆ.

ಬದಲಿ ಉಪಕರಣ ಬೇಕೆನ್ನುವವರಿಗೆ 2020ರಿಂದ ಒಂದು ಆಯ್ಕೆ ಇದೆ. ಲಿಯೆಜ್‌ನ ಶಾರ್ಲೋಟ್ ಮಾರ್ಷಿಯಲ್ ಮತ್ತು ಅವರ ಸಹೋದ್ಯೋಗಿಗಳು, ಗ್ರೇಸನ್ ಅವರನ್ನೂ ಜೊತೆಗಿರಿಸಿಕೊಂಡು, ಹಳೆಯ ಮಾಪಕವನ್ನು ಮರುಪರೀಕ್ಷಿಸಿ ಅದರ ಹಲವು ದೌರ್ಬಲ್ಯಗಳನ್ನು ಒಪ್ಪಿಕೊಂಡು, 20 ಪ್ರಶ್ನೆಗಳ ಹೊಸದೊಂದನ್ನು ರೂಪಿಸಿದರು. ಗರಿಷ್ಠ ಅಂಕ 80, ಗೆರೆ 27. ಪ್ರತಿ ಪ್ರಶ್ನೆಗೂ ಮೂರರ ಬದಲು ಐದು ಹಂತಗಳಿರುವುದರಿಂದ, ಸ್ವಲ್ಪ ಎನ್ನುವವರಿಗೂ ಬಹಳ ಎನ್ನುವವರಿಗೂ ಜಾಗವಿದೆ. ಸಂಶೋಧನಾ ವಿದ್ಯಾರ್ಥಿಗಳು ಹೊಸದಾಗಿ ಕೆಲಸ ಆರಂಭಿಸುವುದಾದರೆ ನಾನು ಇದನ್ನೇ ಆರಿಸಿಕೊಳ್ಳಲು ಹೇಳುತ್ತೇನೆ. ಆದರೂ ನಾಲ್ಕು ದಶಕಗಳ ಅಧ್ಯಯನಗಳೊಂದಿಗೆ ಹೋಲಿಕೆ ಬೇಕಾದಾಗ ಹಳೆಯ ಹದಿನಾರನ್ನು ಬಿಡುವಂತಿಲ್ಲ.

ಆಸ್ಪತ್ರೆಯಲ್ಲೋ ಹಳ್ಳಿಯಲ್ಲೋ ಕನ್ನಡದಲ್ಲಿ ಇದನ್ನು ಬಳಸಬೇಕೆಂದಿರುವವರಿಗೆ ನನ್ನ ಸಲಹೆ ಕ್ರಮದ ಬಗ್ಗೆ. ಮೊದಲು ಹಾಳೆಯನ್ನು ಮಡಚಿಟ್ಟು, ಹೇಳುವವರು ತಮ್ಮದೇ ಮಾತಿನಲ್ಲಿ ಹೇಳಿ ಮುಗಿಸುವವರೆಗೆ ಕೇಳಿ, ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಬೇಕು. ಪ್ರಶ್ನೆಗಳನ್ನು ಮೊದಲೇ ಓದಿದರೆ ಬೆಳಕಿತ್ತೆ ಎಂದು ಕೇಳಿದ ಮೇಲೆ ಬೆಳಕು ಬಂದೇ ಬರುತ್ತದೆ. ಆಮೇಲೆ ಹದಿನಾರನ್ನೂ ಕೇಳಿ, ಕೊನೆಯ ಪ್ರಶ್ನೆಯ ಕೆಳಗೆ ನಾಲ್ಕು ಸಾಲಿನ ಜಾಗ ಬಿಟ್ಟು, ಹಿಂದಕ್ಕೆ ಕಳುಹಿಸಿದವರು ಯಾರು, ಏನು ಕಾರಣ ಹೇಳಿದರು, ಬದಲಿಗೆ ಯಾರನ್ನಾದರೂ ಕರೆತರಲು ಹೇಳಿದರೆ ಎಂಬುದನ್ನು ಅಕ್ಷರಶಃ ಬರೆದುಕೊಳ್ಳಬೇಕು. ಭಯವಾಯಿತೆ ಎಂಬ ಹದಿನೇಳನೆಯ ಪ್ರಶ್ನೆಯನ್ನು ಕೈಯಿಂದಲೇ ಸೇರಿಸಿಕೊಂಡು, ಅದರ ಉತ್ತರವನ್ನು ಒಟ್ಟು ಅಂಕಕ್ಕೆ ಕೂಡಿಸದೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.